ಕಣ್ಣಿನ ಕಾಡಿಗೆ

ಮುಧೋಳವೆಂದೊಡನೆ ಹೊರನಾಡಿನವರ ಮನಸ್ಸು ಸಾಮಾನ್ಯವಾಗಿ ಘಟಪ್ರಭೆಯ ತೀರಕ್ಕೆ ಹೋಗುತ್ತದೆ. ಮಹಾಕವಿ ರನ್ನನ ಹೆಸರಿನೊಡನೆಯೂ ಬೇಟೆನಾಯಿಗಳ ಕೀರ್ತಿಯೊಡನೆಯೂ ಬೆಸೆದುಕೊಂಡಿರುವ ಆ ಮುಧೋಳ ಬೇರೆ, ಸೇಡಂ ತಾಲೂಕಿನ ಈ ಮುಧೋಳ ಬೇರೆ. ತೆಲಂಗಾಣದ ಗಡಿಗೆ ಸಮೀಪದಲ್ಲಿರುವ ಈ ಊರಿನ ಸಂತೆಯಲ್ಲಿ ಕನ್ನಡದೊಡನೆ ತೆಲುಗೂ ಉರ್ದುವೂ ಕಿವಿಗೆ ಬೀಳುತ್ತವೆ. ಹೊಲದಲ್ಲಿ ತೊಗರಿ, ಹೊಲದ ಕೆಳಗೆ ಸುಣ್ಣದ ಕಲ್ಲು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನೆಲವೆಲ್ಲ ಇಂಥ ಕಲ್ಲಿನ ಮೇಲೆಯೇ ನಿಂತಿದೆ. ಸಿಮೆಂಟಿನ ಕಾರಖಾನೆಗಳಿಗೆ ಅದೇ ಆಹಾರ. ಮನೆಗಳ ನೆಲಕ್ಕೂ ಛಾವಣಿಗೂ ಶಹಾಬಾದದ ಫರಸಿಯೇ ಆಧಾರ. ಬಡವನ ಮನೆಯ ಹೊಸ್ತಿಲಿನಿಂದ ಹಿಡಿದು ದೇವಾಲಯದ ಅಂಗಳದವರೆಗೆ ಕಲ್ಲಿಲ್ಲದೆ ಇಲ್ಲಿ ಯಾವ ಕೆಲಸವೂ ನಡೆಯಲಾರದು.

ಆದರೆ ಈ ಸೀಮೆಯ ಕಲ್ಲು ಕೇವಲ ಭಾರ ಹೊರುವ ಕಲ್ಲಲ್ಲ, ಮಾತಾಡುವ ಕಲ್ಲು. ಕಾಗಿಣಾ ನದಿಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಆಳಿದ ಆ ನಗರದ ನೆರಳಿನಲ್ಲಿಯೇ ಇಂದು ದೊರೆತಿರುವ ಕನ್ನಡದ ಮೊದಲ ಗ್ರಂಥವಾದ ಕವಿರಾಜಮಾರ್ಗ ಮೂಡಿತು. ಇನ್ನೊಂದೆಡೆ, ಚಿತ್ತಾಪುರದ ಸೀಮೆಗೆ ಸೇರಿದ ಭೀಮಾ ತೀರದ ಸನ್ನತಿಯಲ್ಲಿ ಅಶೋಕನ ಶಾಸನವಿದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದೊಳಗಿದ್ದ ಕಾಳಿಕಾ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠಕ್ಕೆಂದು ಯಾರೋ ಎಂದೋ ಬಳಸಿಕೊಂಡಿದ್ದ ಶಿಲೆಯಲ್ಲಿ ಬ್ರಾಹ್ಮೀ ಅಕ್ಷರಗಳು ಇದ್ದುದು ಬೆಳಕಿಗೆ ಬಂದಿತು. ಪೀಠಕ್ಕಾಗಿ ನಡುವೆ ಕೊರೆದ ರಂಧ್ರದಿಂದ ಕೆಲವು ಅಕ್ಷರಗಳು ನಷ್ಟವಾಗಿವೆಯಾದರೂ, ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳ ಭಾಗಗಳೂ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿ ಉಳಿದಿವೆಯೆಂದು ವಿದ್ವಾಂಸರು ಗುರುತಿಸಿದರು. ಇಂಥ ನೆಲದಲ್ಲಿ ಹುಟ್ಟಿದವರಿಗೆ ಕಲ್ಲಿನ ಮೇಲಿನ ಅಕ್ಷರದ ಹುಚ್ಚು ಹತ್ತುವುದು ಸಹಜವೇ ಸರಿ.

ಕೆಲವು ವರ್ಷಗಳ ಹಿಂದೆ ಈ ಭಾಗದಲ್ಲಿ ಅಂಥ ಹುಚ್ಚು ಹತ್ತಿದ ಹನ್ನೆರಡು ಹದಿನಾಲ್ಕು ಜನರ ಒಂದು ಬಳಗವಿದ್ದಿತು. ಅದಕ್ಕೆ ಹೆಸರಿರಲಿಲ್ಲ, ಕಚೇರಿಯಿರಲಿಲ್ಲ, ಅಧ್ಯಕ್ಷರಿರಲಿಲ್ಲ. ಇಬ್ಬರು ಮೂವರು ಉಪಾಧ್ಯಾಯರು, ವಾಡಿಯ ರೈಲ್ವೆಯಿಂದ ನಿವೃತ್ತರಾದ ಒಬ್ಬರು, ಸೇಡಮ್ಮಿನ ಒಬ್ಬ ಬಟ್ಟೆಯ ವ್ಯಾಪಾರಿ, ಚಿಂಚೋಳಿಯ ಕಡೆಯ ಒಬ್ಬ ಒಕ್ಕಲಿಗ, ಹೀಗೆ ನಾನಾ ವೃತ್ತಿಯವರು ತಿಂಗಳಿಗೊಂದು ಭಾನುವಾರ ಯಾವುದಾದರೊಂದು ಹಳ್ಳಿಯಲ್ಲಿ ಕೂಡುತ್ತಿದ್ದರು. ಬಸ್ಸಿನ ಖರ್ಚು ಅವರವರದು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಪುಂಡಿಯ ಪಲ್ಯ. ಚೀಲದಲ್ಲಿ ಬ್ರಶ್ಶು, ಕಾಗದ, ಮಸಿ. ಹೊಲದ ಬದುವಿನಲ್ಲೋ ಗುಡಿಯ ಹಿಂಭಾಗದಲ್ಲೋ ಬಿದ್ದ ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಅದರ ಮೈಗೆ ಅಂಟಿಸಿ, ಬ್ರಶ್ಶಿನಿಂದ ಮೆಲ್ಲಗೆ ತಟ್ಟಿ ಕಾಗದವನ್ನು ಅಕ್ಷರದ ಕುಳಿಗಳೊಳಗೆ ಇಳಿಸಿ, ಮೇಲೆ ಮಸಿಯ ಗಂಟನ್ನು ಒತ್ತಿದರೆ, ಕರಿಯ ನೆಲದ ಮೇಲೆ ಬಿಳಿಯ ಅಕ್ಷರಗಳು ಎದ್ದು ಬರುತ್ತವೆ. ಪಡಿಯಚ್ಚು ತೆಗೆಯುವ ಈ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಕೈ ಒರಟಾದರೆ ಕಾಗದ ಹರಿಯುತ್ತದೆ, ಕೈ ಅಂಜಿದರೆ ಅಕ್ಷರ ಏಳುವುದಿಲ್ಲ. ಆ ಬಳಗದವರಿಗೆ ಇದರಿಂದ ಒಂದು ಕಾಸಿನ ಲಾಭವೂ ಇರಲಿಲ್ಲ. ಲಾಭವಿಲ್ಲದ ಕೆಲಸದಲ್ಲಿ ಮನುಷ್ಯನಿಗೆ ದೊರೆಯುವ ಆನಂದವನ್ನು ಅವರು ಬಲ್ಲವರಾಗಿದ್ದರು.

ಈ ಬಳಗದಲ್ಲಿ ಇಬ್ಬರು ಮುಖ್ಯರು. ಒಬ್ಬರು ಮುಧೋಳದ ನಿವೃತ್ತ ಕನ್ನಡ ಉಪಾಧ್ಯಾಯರು. ಹಳಗನ್ನಡದಲ್ಲಿ ಒಳ್ಳೆಯ ಪ್ರವೇಶವುಳ್ಳವರು, ತಮ್ಮ ಸಂಬಳದ ಒಂದು ಭಾಗವನ್ನು ಜೀವನದುದ್ದಕ್ಕೂ ಪುಸ್ತಕಗಳಿಗೆ ಸುರಿದವರು. ಎಲ್ಲರೂ ಅವರನ್ನು ಮಾಸ್ತರರೆಂದೇ ಕರೆಯುತ್ತಿದ್ದರು. ಇನ್ನೊಬ್ಬರು ಮಳಖೇಡದ ಕಡೆಯ ಒಬ್ಬ ಮುದುಕರು. ಎಂಟೊಂಬತ್ತು ವರ್ಷದ ಹುಡುಗನಾಗಿದ್ದಾಗಲೇ ಶಾಲೆ ಬಿಟ್ಟು ಕಲ್ಲಿನ ಖಣಿಗೆ ಹೋದವರು. ಹಾರೆ, ಚಾಣ, ಸುತ್ತಿಗೆಗಳೊಡನೆಯೇ ಅವರ ಆಯುಷ್ಯ ಕಳೆದಿತ್ತು. ಬಳಗದವರಿಗೆಲ್ಲ ಅವರು ಕಾಕಾ. ಶಾಸನದ ಒಂದು ಸಾಲನ್ನೂ ಅವರು ಓದಲಾರರು. ಆದರೆ ಹೂಳಿನಲ್ಲಿ ಅರ್ಧ ಮುಳುಗಿದ ಕಲ್ಲಿನ ಮೇಲೆ ಅಂಗೈ ಆಡಿಸಿ ಇಲ್ಲಿ ಅಕ್ಷರ ಅದಾವ, ಇದು ಬರೀ ಮಳಿ ತಿಂದ ಗೀರು ಎಂದು ಅವರು ಹೇಳಿದರೆ ಅದು ತಪ್ಪುತ್ತಿರಲಿಲ್ಲ. ರೊಟ್ಟಿಯ ಪದರು ಬಿಡಿಸಿದಂತೆ ಫರಸಿಯ ಪದರು ಬಿಡಿಸಿದ ಕೈಗಳು ಅವು. ಪಡಿಯಚ್ಚಿನ ಒದ್ದೆ ಕಾಗದವನ್ನು ಕಲ್ಲಿನ ಮೈಗೆ ಕೂಡಿಸುವ ಕೆಲಸವನ್ನು ಮಾಸ್ತರರೂ ಅವರಿಗೇ ಬಿಡುತ್ತಿದ್ದರು.

ಬಳಗವು ಒಡೆದದ್ದು ಮಳಖೇಡದಲ್ಲಿ, ಕೋಟೆಯ ಹತ್ತಿರದ ಒಂದು ಬೇವಿನ ಮರದ ನೆರಳಿನಲ್ಲಿ. ಅಂದು ಚರ್ಚೆಯನ್ನು ಆರಂಭಿಸಿದವರು ಮಾಸ್ತರರೇ. ಕವಿರಾಜಮಾರ್ಗದ ಕರ್ತೃ ಯಾರು ಎಂಬುದು ಅವರು ಎತ್ತಿದ ವಿಷಯ.

ಈ ಪ್ರಶ್ನೆ ಹೊಸದಲ್ಲವೆಂಬುದನ್ನು ವಾಚಕರು ಬಲ್ಲರು. ಕೆ. ಬಿ. ಪಾಠಕರು 1898ರಲ್ಲಿ ಈ ಗ್ರಂಥವನ್ನು ಮೊದಲು ಅಚ್ಚುಹಾಕಿಸಿದಾಗ ಅದು ನೃಪತುಂಗನ ಕೃತಿಯೆಂದೇ ಭಾವಿಸಿದರು. ರಾಜನೇ ಕವಿಯೆಂಬ ಆ ಮಾತು ಕನ್ನಡಿಗರ ಮನಸ್ಸಿಗೆ ಹಿತವಾಗಿದ್ದುದರಿಂದ ಪಾಠಪುಸ್ತಕಗಳಲ್ಲಿಯೂ ಭಾಷಣಗಳಲ್ಲಿಯೂ ಬೇರೂರಿತು. ಆದರೆ ಗ್ರಂಥದ ಪರಿಚ್ಛೇದಗಳ ಕೊನೆಯಲ್ಲಿ ಬರುವುದು ನೃಪತುಂಗದೇವನ ಅನುಮತವಾದ ಕೃತಿಯೆಂಬ ಮಾತು. ಅನುಮತವೆಂದರೆ ದೊರೆ ಒಪ್ಪಿದ್ದೆಂದೇ ಹೊರತು ಬರೆದದ್ದೆಂದಲ್ಲ. ದುರ್ಗಸಿಂಹನು ತನ್ನ ಪಂಚತಂತ್ರದಲ್ಲಿ ಶ್ರೀವಿಜಯರ ಕವಿಮಾರ್ಗವನ್ನು ನೆನೆದಿದ್ದಾನೆ. ಇವುಗಳ ಬಲದಿಂದ ನೃಪತುಂಗನ ಆಸ್ಥಾನದ ಶ್ರೀವಿಜಯನೇ ಇದರ ಕರ್ತೃವೆಂದು ವಾದಿಸಿದ ವಿದ್ವಾಂಸರು ಅನೇಕರು. ಎಂ. ವಿ. ಸೀತಾರಾಮಯ್ಯನವರು ಗ್ರಂಥವನ್ನು ಶ್ರೀವಿಜಯನ ಹೆಸರಿನಲ್ಲಿಯೇ ಸಂಪಾದಿಸಿ ಹೊರತಂದರು. ಮಾಸ್ತರರ ಒಲವು ಈ ಪಕ್ಷದ ಕಡೆಗೆ. ಅದಕ್ಕೆ ಆಧಾರಗಳಿದ್ದುವು, ಅವನ್ನು ಅವರು ಕ್ರಮವಾಗಿಯೇ ಮಂಡಿಸಿದರು.

ಕಾಕಾ ಅದುವರೆಗೆ ಸುಮ್ಮನೆ ಕೇಳುತ್ತಿದ್ದರು. ಮಾಸ್ತರರು ನಿಲ್ಲಿಸಿದ ಮೇಲೆ, “ನಮ್ಮೂರ ರಾಜಾ ಬರದಾನ ಅಂತ ನಮ್ಮಜ್ಜ ಹೇಳತಿದ್ದ ನೋಡ್ರಿ. ಅದು ಸುಳ್ಳೇನ್ರಿ ಮಾಸ್ತರ?” ಎಂದರು. ಕೇಳಿದ ರೀತಿಯಲ್ಲಿ ವಾದವಿರಲಿಲ್ಲ, ಏನನ್ನೋ ಕಳೆದುಕೊಳ್ಳುತ್ತಿರುವವನ ಅಳುಕು ಇತ್ತು. ಬಟ್ಟೆಯ ವ್ಯಾಪಾರಿಗಳು ಅವರ ಬೆಂಬಲಕ್ಕೆ ಬಂದರು. ಊರವರ ನಂಬಿಕೆಯನ್ನು ಹಾಗೆ ತೆಗೆದುಹಾಕಬಾರದೆಂದರು. ಮಾತಿಗೆ ಮಾತು ಬೆಳೆಯಿತು. ಬಿಸಿಲೇರಿತ್ತು, ಮಾಸ್ತರರಿಗೆ ಸಿಟ್ಟೂ ಏರಿತು. “ಗ್ರಂಥದ ಕರ್ತೃತ್ವವನ್ನು ನಿರ್ಣಯಿಸಲಿಕ್ಕೆ ಗ್ರಂಥ ಓದಿರಬೇಕು. ಕಲ್ಲು ಒಡೆಯುವ ಕೈಗೆ ಆ ಅಧಿಕಾರ ಎಲ್ಲಿಂದ ಬಂತು?” ಎಂದು ಬಿಟ್ಟರು.

ಆ ಮಾತಿನ ಬಳಿಕ ಮರದ ಕೆಳಗೆ ಯಾರೂ ಮಾತಾಡಲಿಲ್ಲ. ಕಾಕಾ ತಮ್ಮ ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡರು. ಬುತ್ತಿಯ ಗಂಟನ್ನು ಬಿಚ್ಚದೆಯೇ ಹೆಗಲಿಗೆ ಹಾಕಿಕೊಂಡು ಎದ್ದು ಊರ ಕಡೆ ನಡೆದರು.

ಮುಂದಿನ ತಿಂಗಳು ಕೂಡಿದವರು ಐವರು, ಅದರ ಮುಂದಿನ ತಿಂಗಳು ಮೂವರು. ರಾಜನ ಪಕ್ಷ, ಕವಿಯ ಪಕ್ಷ ಎಂದು ಜನ ಎರಡಾಗಿದ್ದರೆಂದು ಹೊರಗಿನವರು ಭಾವಿಸಿದರು. ನಿಜವಾಗಿ ನೋಡಿದರೆ ನೃಪತುಂಗನಿಗಾಗಲಿ ಶ್ರೀವಿಜಯನಿಗಾಗಲಿ ಈ ಒಡಕಿನೊಡನೆ ಸಂಬಂಧವಿರಲಿಲ್ಲ. ಆ ತಿಂಗಳು ಒಂದು ಹಳ್ಳಿಯಲ್ಲಿ ಒಳ್ಳೆಯದೊಂದು ಕಲ್ಲು ದೊರೆಯಿತು. ಮಾಸ್ತರರೇ ಒದ್ದೆ ಕಾಗದ ಹಿಡಿದು ಕುಳಿತರು. ಕಾಗದ ಮೂರು ಸಲ ಹರಿಯಿತು. ನಾಲ್ಕನೆಯ ಸಲ ಯಾರೂ ಪ್ರಯತ್ನಿಸಲಿಲ್ಲ.

ತಪ್ಪು ಮಾಡಿದ ಮನುಷ್ಯನು ಮೊದಲು ಹುಡುಕುವುದು ಕ್ಷಮೆಯನ್ನಲ್ಲ, ಸಮರ್ಥನೆಯನ್ನು. ಮಾಸ್ತರರೂ ಅದಕ್ಕೆ ಹೊರತಾಗಿರಲಿಲ್ಲ. ತಾವು ಹೇಳಿದ ವಿಷಯ ಸತ್ಯವಲ್ಲವೇ ಎಂಬುದು ಅವರ ಮೊದಲನೆಯ ಸಮಾಧಾನ. ಸತ್ಯ ಹೇಳುವವನು ಎಲ್ಲರ ಮನಸ್ಸನ್ನು ನೋಡುತ್ತ ಕೂಡುವುದಕ್ಕಾಗುತ್ತದೆಯೇ ಎಂಬುದು ಎರಡನೆಯದು. ಬಟ್ಟೆಯ ವ್ಯಾಪಾರಿಗಳು ಕೆಣಕದಿದ್ದರೆ ಆ ಮಾತು ಬಾಯಿಂದ ಬರುತ್ತಲೇ ಇರಲಿಲ್ಲವೆಂಬುದು ಮೂರನೆಯದು. ಮೂರು ಕಾಲಿನ ಈ ಪೀಠದ ಮೇಲೆ ಅವರು ಎರಡು ತಿಂಗಳು ಕುಳಿತಿದ್ದರು. ಆದರೆ ಪೀಠ ಅಲುಗಾಡುತ್ತಲೇ ಇತ್ತು. ರಾತ್ರಿ ದೀಪವಾರಿಸಿದ ಮೇಲೆ ತನ್ನ ಕೈಗಳನ್ನು ತಾನೇ ನೋಡಿಕೊಂಡ ಆ ಮುದುಕರ ಮುಖ ಎದುರಿಗೆ ನಿಲ್ಲುತ್ತಿತ್ತು.

ಕೊನೆಗೊಂದು ದಿನ ಅವರು ಬಳಗದವರೆಲ್ಲರಿಗೂ ಕಳುಹಿಸಲೆಂದು ಒಂದು ಪತ್ರ ಬರೆದರು. ಭಾಷೆ ಶುದ್ಧವಾಗಿತ್ತು, ಒಕ್ಕಣೆ ಗೌರವದಿಂದ ಕೂಡಿತ್ತು. ಅಂದಿನ ಚರ್ಚೆಯ ಸಂದರ್ಭದಲ್ಲಿ ತಮ್ಮ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ಅದಕ್ಕಾಗಿ ವಿಷಾದಿಸುವುದಾಗಿ ಅದರಲ್ಲಿತ್ತು. ಪತ್ರವನ್ನು ಅಂಚೆಗೆ ಹಾಕುವ ಮೊದಲು ಮನೆಯಾಕೆಗೆ ಓದಿ ಹೇಳಿದರು. ಆಕೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದವರು ತಲೆಯೆತ್ತದೆಯೇ ಕೇಳಿದರು: “ನೋವಾಗಿದ್ದರ ಅಂತ ಯಾಕ ಬರದೀರಿ? ಆಗ್ಯಾದೋ ಇಲ್ಲೋ ನಿಮಗ ಗೊತ್ತಿಲ್ಲೇನು?”

ಮಾಸ್ತರರು ನಲವತ್ತು ವರ್ಷ ವ್ಯಾಕರಣ ಕಲಿಸಿದವರು. ಆದರೆ ‘ಇದ್ದರೆ’ ಎಂಬ ಒಂದು ಪ್ರತ್ಯಯದೊಳಗೆ ಮನುಷ್ಯನೊಬ್ಬ ಎಷ್ಟು ಚೆನ್ನಾಗಿ ಅಡಗಿಕೊಳ್ಳಬಹುದೆಂಬುದು ಅವರಿಗೆ ಅಂದು ತಿಳಿಯಿತು. ‘ಯಾರಿಗಾದರೂ’ ಎಂಬುದೂ ಅಂಥದೇ. ನೋವಾದವರು ಒಬ್ಬರೇ, ಅವರ ಹೆಸರು ತಿಳಿದಿದೆ, ಮನೆ ತಿಳಿದಿದೆ. ಪತ್ರವನ್ನು ಹರಿದು ಹಾಕಿದರು.

ಆ ರಾತ್ರಿ ಅವರು ಜಗಳದ ಮೂಲವಾದ ಕವಿರಾಜಮಾರ್ಗವನ್ನೇ ಮತ್ತೆ ತೆರೆದರು. ಕರ್ತೃ ಯಾರೆಂದು ಹುಡುಕುತ್ತ ಅದರ ಹಾಳೆಗಳನ್ನು ಎಷ್ಟೋ ಸಲ ಮಗುಚಿದ್ದರು. ಆ ಕರ್ತೃ ಏನು ಹೇಳಿದ್ದಾನೆಂಬುದನ್ನು ತಮಗಾಗಿ ಓದಿಕೊಂಡದ್ದು ಅಂದೇ. ಗ್ರಂಥದ ಮೊದಲನೆಯ ಪರಿಚ್ಛೇದವೇ ದೋಷಗಳ ವಿಚಾರ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದ ಹಾಗೆ ಕವಿ ತನ್ನ ದೋಷವನ್ನು ತಾನು ಕಾಣಲಾರನೆಂದೂ ಆದಕಾರಣ ತನ್ನ ಕೃತಿಯನ್ನು ತಿಳಿದವರಿಗೆ ತೋರಿಸಬೇಕೆಂದೂ ಅಲ್ಲಿ ಹೇಳಿದೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಬಂಗಾರವೆಂಬ ಪ್ರಸಿದ್ಧವಾದ ಮಾತೂ ಈ ಗ್ರಂಥದ್ದೇ. ಬರೆದವನು ದೊರೆಯಾಗಿರಲಿ ಕವಿಯಾಗಿರಲಿ, ಈ ಮಾತನ್ನು ಅಲ್ಲಗಳೆದಂತೆ ಅದರ ಕರ್ತೃತ್ವಕ್ಕಾಗಿ ಹೋರಾಡಿದ್ದು ಎಂಥ ವಿಪರ್ಯಾಸ! ಮಾಸ್ತರರ ಕಣ್ಣಿನ ಕಾಡಿಗೆಯನ್ನು ಕಂಡವರು ತೊಗರಿಬೇಳೆ ಹಸನು ಮಾಡುತ್ತಿದ್ದ ಒಬ್ಬ ಗೃಹಿಣಿ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಕ್ಷಮೆ ಕೇಳುವುದೇನೋ ಸರಿ, ಆದರೆ ಯಾವುದಕ್ಕೆ? ಅಭಿಪ್ರಾಯಕ್ಕೇ ಕ್ಷಮೆ ಕೇಳಿ ನೃಪತುಂಗನೇ ಕರ್ತೃವೆಂದು ಒಪ್ಪಿದರೆ ಬಳಗ ಮರುದಿನವೇ ಒಂದಾಗಬಹುದು. ಆದರೆ ಅದು ತನಗೆ ಸತ್ಯವೆಂದು ತೋರಿದ್ದಕ್ಕೆ ತಾನೇ ಮಾಡುವ ದ್ರೋಹ. ಈ ಎಡೆಯಲ್ಲಿ ಅವರಿಗೆ ಡಾ. ಎಂ. ಎಂ. ಕಲಬುರ್ಗಿಯವರ ನೆನಪಾಯಿತು. ಶಾಸನ, ವಚನ, ಹಸ್ತಪ್ರತಿಗಳ ಸಂಶೋಧನೆಗೆ ಬಾಳನ್ನು ಮುಡಿಪಾಗಿಟ್ಟ ಆ ವಿದ್ವಾಂಸರು ‘ಮಾರ್ಗ’ದಲ್ಲಿ ಶರಣರ ಚರಿತ್ರೆಯನ್ನು ಕುರಿತು ಬರೆದ ಕೆಲವು ಮಾತುಗಳು ಸಮಾಜದಲ್ಲಿ ತೀವ್ರವಾದ ಅಸಮಾಧಾನವನ್ನು ಉಂಟುಮಾಡಿದುವು. ಒತ್ತಾಯಕ್ಕೆ ಒಳಗಾಗಿ 1989ರಲ್ಲಿ ಅವರು ಆ ಮಾತುಗಳನ್ನು ಹಿಂತೆಗೆದುಕೊಂಡರು. ಕುಟುಂಬದವರ ಪ್ರಾಣಕ್ಕಾಗಿ ಹಾಗೆ ಮಾಡಬೇಕಾಯಿತೆಂದೂ ಅಂದು ತಾವು ಮಾಡಿಕೊಂಡದ್ದು ಬೌದ್ಧಿಕವಾದ ಆತ್ಮಹತ್ಯೆಯೆಂದೂ ಅವರು ನೋವಿನಿಂದ ಹೇಳಿಕೊಂಡರು. ಸಂಶೋಧನೆಯನ್ನು ಮಾತ್ರ ಅವರು ಬಿಡಲಿಲ್ಲ. ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಅವರು ಗುಂಡಿಗೆ ಬಲಿಯಾದರು.

ಬಲವಂತದಿಂದ ಆಡಿಸಿದ ಕ್ಷಮೆಯಿಂದ ಆಡಿದವನಿಗೂ ಹಿತವಿಲ್ಲ, ಆಡಿಸಿದವರಿಗೂ ಶ್ರೇಯಸ್ಸಿಲ್ಲ. ಅಭಿಪ್ರಾಯವನ್ನು ಆಧಾರದಿಂದ ಖಂಡಿಸಬೇಕು, ಆಧಾರ ತಪ್ಪೆಂದು ಮನವರಿಕೆಯಾದಾಗ ಹೇಳಿದವನು ತಾನಾಗಿ ತಿದ್ದಿಕೊಳ್ಳಬೇಕು. ಅಂಥ ತಿದ್ದುಪಡಿಗೆ ಒಂದು ಸುಂದರವಾದ ನಿದರ್ಶನ ಅಶೋಕನ ಶಾಸನಗಳ ಚರಿತ್ರೆಯಲ್ಲಿಯೇ ಇದೆ. ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹಪರೀಕ್ಷಕರಾಗಿದ್ದ ಜೇಮ್ಸ್ ಪ್ರಿನ್ಸೆಪ್ಪರಿಗೆ ಪ್ರಾಚೀನ ಲಿಪಿಗಳು ಹೊಟ್ಟೆಪಾಡಲ್ಲ, ಹವ್ಯಾಸ. ಅವರು 1837ರಲ್ಲಿ ಬ್ರಾಹ್ಮೀ ಲಿಪಿಯ ಗಂಟನ್ನು ಬಿಚ್ಚಿದಾಗ, ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಪ್ರಿಯದರ್ಶಿಯು ಸಿಂಹಳದ ದೊರೆಯೆಂದು ಮೊದಲು ಊಹಿಸಿದರು. ಸಿಂಹಳದ ಸರಕಾರಿ ಸೇವೆಯಲ್ಲಿದ್ದ ಜಾರ್ಜ್ ಟರ್ನೋರ್ ಎಂಬುವರು ಪಾಲಿಯ ಗ್ರಂಥದ ಆಧಾರದಿಂದ ಆ ಹೆಸರು ಮೌರ್ಯ ಅಶೋಕನದೆಂದು ತೋರಿಸಿಕೊಟ್ಟರು. ಪ್ರಿನ್ಸೆಪ್ಪರು ಹಟ ಹಿಡಿಯಲಿಲ್ಲ. ಅದೇ ವರ್ಷ ತಮ್ಮ ಮಾತನ್ನು ತಿದ್ದಿಕೊಂಡು ಪ್ರಕಟಿಸಿದರು. ಆ ತಿದ್ದುಪಡಿ ಸರಿಯೆಂಬುದಕ್ಕೆ ಅಂತಿಮವಾದ ಮುದ್ರೆಯೊತ್ತಿದ್ದು ಈ ಕಲ್ಯಾಣ ಕರ್ನಾಟಕದ್ದೇ ಒಂದು ಕಲ್ಲು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನೆಂಬ ಹೆಸರೇ ಕಾಣಿಸಿತು. ತಪ್ಪನ್ನು ಒಪ್ಪಿಕೊಂಡುದರಿಂದ ಪ್ರಿನ್ಸೆಪ್ಪರ ಕೀರ್ತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಮಾಸ್ತರರಿಗೆ ದಾರಿ ತಿಳಿಯಾಯಿತು. ಅವರು ಅಂದು ಎರಡು ಮಾತು ಆಡಿದ್ದರು. ಒಂದು ಶ್ರೀವಿಜಯನನ್ನು ಕುರಿತದ್ದು. ಅದಕ್ಕೆ ಆಧಾರವುಂಟು, ಬೇರೆ ಆಧಾರ ದೊರೆತರೆ ತಿದ್ದಿಕೊಳ್ಳಬಹುದು, ಕ್ಷಮೆಗೆ ಅಲ್ಲಿ ಎಡೆಯಿಲ್ಲ. ಇನ್ನೊಂದು ಕಾಕಾ ಅವರ ಕೈಗಳನ್ನು ಕುರಿತದ್ದು. ಅದಕ್ಕೆ ಯಾವ ಆಧಾರವೂ ಇಲ್ಲ, ಅಲ್ಲಿ ಕ್ಷಮೆಯಲ್ಲದೆ ಬೇರೆ ಗತಿಯಿಲ್ಲ. ಮೊದಲನೆಯ ಮಾತಿನ ಸತ್ಯವನ್ನು ಎರಡನೆಯ ಮಾತಿನ ಪಾಪಕ್ಕೆ ಮುಸುಕಾಗಿ ಹೊದಿಸಿದ್ದೇ ಎರಡು ತಿಂಗಳ ಕಾಲ ಅವರು ಮಾಡಿದ ತಪ್ಪು.

ಮರುದಿನ ಅವರು ಬಸ್ಸು ಹತ್ತಿ ಮಳಖೇಡಕ್ಕೆ ಹೋದರು. ಕಾಕಾ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. “ಬರ್ರಿ ಮಾಸ್ತರ, ಕುಂಡ್ರಿ” ಎಂದರು, ಒಳಗೆ ಚಹಾಕ್ಕೆ ಹೇಳಿದರು. ಮಾಸ್ತರರು ಕುಳಿತುಕೊಳ್ಳದೆ ನಿಂತುಕೊಂಡೇ ಹೇಳಿದರು: “ಕಾಕಾ, ಅವತ್ತು ನಿಮ್ಮ ಕೈಗೆ ಅಂದ ಮಾತು ತಪ್ಪು. ಸಿಟ್ಟಿನಾಗ ಬಂತು ಅಂತ ಹೇಳೋದಿಲ್ಲ. ಮನಸಿನಾಗ ಇತ್ತು, ಅದಕ್ಕ ಬಾಯಿಗೆ ಬಂತು. ನನ್ನ ಕ್ಷಮಿಸ್ರಿ.” ಕಾಕಾ ಬಹಳ ಹೊತ್ತು ಏನೂ ಹೇಳಲಿಲ್ಲ. ಚಹಾ ಬಂತು. ಇಬ್ಬರೂ ಕುಡಿದರು. ಆಮೇಲೆ ಕಾಕಾ, “ನನಗ ಒಬ್ಬಾಂವಗ ಹೇಳಿದ್ರಿ, ಛಲೋ ಆತು. ಆದರ ಅವತ್ತು ಕೇಳಿದವ್ರು ಹನ್ನೆರಡು ಮಂದಿ ಇದ್ದರ್ರಿ” ಎಂದರು. ಅದರಲ್ಲಿ ಕಹಿಯಿರಲಿಲ್ಲ, ಲೆಕ್ಕವಿತ್ತು. ಮಾಸ್ತರರು ಹೌದೆಂದು ತಲೆದೂಗಿ ಎದ್ದು ಬಂದರು.

ಮುಂದಿನ ಕೂಟವನ್ನು ಸನ್ನತಿಯಲ್ಲಿ ಇಟ್ಟುಕೊಂಡರು. ಮಾಸ್ತರರು ಪ್ರತಿಯೊಬ್ಬರ ಮನೆಗೂ ತಾವೇ ಹೋಗಿ ಕರೆದರು. ಬಂದವರು ಒಂಬತ್ತು ಜನ, ಕಾಕಾ ಸೇರಿ. ಸನ್ನತಿಯ ಸ್ಥಳದ ಆಯ್ಕೆ ಆಕಸ್ಮಿಕವಾಗಿರಲಿಲ್ಲ. ಅಲ್ಲಿ ದೊರೆತ ಹನ್ನೆರಡನೆಯ ಶಾಸನದ ವಸ್ತುವೇ ಮಾತಿನ ಸಂಯಮ. ತನ್ನ ಪಂಥವನ್ನು ಹೊಗಳಿಕೊಳ್ಳುವುದಾಗಲಿ ಪರರ ಪಂಥವನ್ನು ತೆಗಳುವುದಾಗಲಿ ಸಕಾರಣವಿಲ್ಲದೆ ಸಲ್ಲದೆಂದೂ ಪರರನ್ನು ಹಳಿಯುವವನು ತನ್ನದಕ್ಕೇ ಕೇಡು ತರುತ್ತಾನೆಂದೂ ಅಶೋಕನು ಅದರಲ್ಲಿ ತಿಳಿಸಿದ್ದಾನೆ. ಇದಕ್ಕೂ ಕವಿರಾಜಮಾರ್ಗಕ್ಕೂ ನಡುವೆ ಸಾವಿರ ವರ್ಷಗಳಿಗೂ ಮಿಕ್ಕ ಅಂತರ. ಆದರೂ ನೆರೆಹೊರೆಯ ಎರಡು ಊರುಗಳು ಒಂದೇ ಬುದ್ಧಿಯನ್ನು ಹೇಳುತ್ತಿವೆ.

ಗುಡಿಯ ಆವರಣದಲ್ಲಿ ಎಲ್ಲರೂ ಕುಳಿತ ಬಳಿಕ ಮಾಸ್ತರರು ಅಶೋಕನ ಇನ್ನೊಂದು ಶಾಸನದ ಸಂಗತಿಯಿಂದ ಮಾತನ್ನು ಆರಂಭಿಸಿದರು. ಕಳಿಂಗದ ಯುದ್ಧದಲ್ಲಿ ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು, ಒಂದು ಲಕ್ಷ ಜನ ಮಡಿದರು, ಅದಕ್ಕಾಗಿ ದೊರೆಯು ಪಶ್ಚಾತ್ತಾಪಪಟ್ಟನು ಎಂಬುದು ಹದಿಮೂರನೆಯ ಶಾಸನದ ಸಾರ. ಗಿರ್ನಾರದಲ್ಲಿ, ಕಾಲ್ಸಿಯಲ್ಲಿ, ದೂರದ ಶಹಬಾಜಗಢಿಯಲ್ಲಿ ಆ ಶಾಸನವಿದೆ. ಆದರೆ ಕಳಿಂಗದ ನೆಲದಲ್ಲಿಯೇ ಇರುವ ಧೌಲಿ ಮತ್ತು ಜೌಗಡಗಳ ಬಂಡೆಗಳಲ್ಲಿ ಅದನ್ನು ಕೆತ್ತಿಸಿಲ್ಲ. ಅದಕ್ಕೆ ರಾಜಕಾರಣದ ಹಲವು ಕಾರಣಗಳನ್ನು ವಿದ್ವಾಂಸರು ಊಹಿಸಿದ್ದಾರೆ. ಕಾರಣವೇನೇ ಇರಲಿ, ನೋವುಂಡವರಿಗೆ ಕೇಳಿಸದ ಕಡೆ ದೊರೆಯ ಪಶ್ಚಾತ್ತಾಪ ಉಳಿದುಕೊಂಡಿದೆ. “ಚಕ್ರವರ್ತಿಗೂ ಇದು ಕಠಿಣವಾಗಿತ್ತೆಂದು ತೋರುತ್ತದೆ. ನನಗೂ ಕಠಿಣವೇ. ಆದರೂ ಯಾರ ಮುಂದೆ ಆಡಿದೆನೋ ಅವರ ಮುಂದೆಯೇ ಹೇಳುತ್ತೇನೆ” ಎಂದು ಮಾಸ್ತರರು ಎದ್ದು ನಿಂತರು. ಶ್ರೀವಿಜಯನ ವಿಷಯದಲ್ಲಿ ತಮ್ಮ ಅಭಿಪ್ರಾಯ ಬದಲಾಗಿಲ್ಲವೆಂದೂ ಯಾರು ಬೇಕಾದರೂ ಆಧಾರ ತಂದು ಅದನ್ನು ಮುರಿಯಬಹುದೆಂದೂ ಹೇಳಿದರು. ಕಾಕಾ ಅವರಿಗೆ ಆಡಿದ ಮಾತು ಅಭಿಪ್ರಾಯವಲ್ಲ, ಅವಮಾನವೆಂದರು. ಆ ಕೈಗಳಿಲ್ಲದೆ ಬಳಗವು ಒಂದು ಪಡಿಯಚ್ಚನ್ನೂ ಸರಿಯಾಗಿ ತೆಗೆಯಲಾರದೆ ಹೋದುದನ್ನು ಒಪ್ಪಿಕೊಂಡರು. ಬಟ್ಟೆಯ ವ್ಯಾಪಾರಿಗಳ ಹೆಸರನ್ನಾಗಲಿ ಬಿಸಿಲಿನ ನೆಪವನ್ನಾಗಲಿ ಎತ್ತಲಿಲ್ಲ. ಎಲ್ಲವೂ ಐದು ನಿಮಿಷದೊಳಗೆ ಮುಗಿಯಿತು.

ಬಟ್ಟೆಯ ವ್ಯಾಪಾರಿಗಳು, “ಈಗ ಕಾಕಾ ಒಂದು ಮಾತು ಹೇಳಬೇಕ್ರಿ” ಎಂದರು. ಕಾಕಾ ಸಂಕೋಚದಿಂದ ನಕ್ಕರು. ಆಮೇಲೆ ನಿಧಾನವಾಗಿ ಹೇಳಿದರು: “ರಾಜಾ ಬರದಾನೋ ಕವಿ ಬರದಾನೋ ನನಗ ತಿಳಿಯೂದಿಲ್ರಿ. ಕಲ್ಲಿಂದಷ್ಟು ತಿಳೀತದ. ಬರಸಿದವ್ರ ಹೆಸರು ಕಲ್ಲಿನ ಮ್ಯಾಲ ದೊಡ್ಡದಾಗಿ ಇರ್ತದ ಅಂತ ನೀವೇ ಓದಿ ಹೇಳೀರಿ. ಕೆತ್ತಿದವಂದು ಇದ್ದರ ಕಡೀಗೆ ಇರ್ತದ. ಕಲ್ಲು ಒಡದು ತಂದವಂದು ಎಲ್ಲೂ ಇರೂದಿಲ್ಲ. ಹಂಗ ನೋಡಿದ್ರ ಮಾಸ್ತರ ಹೇಳಿದ್ದ ಖರೇನ ಇರಬೇಕು. ರಾಜಾನ ಹೆಸರು ಮ್ಯಾಲ ಅದ ಅಂದಕೂಡಲೆ ರಾಜಾನ ಕೈ ಅದಕ್ಕ ಹತ್ತ್ಯಾದಂತ ಹೇಳಲಿಕ್ಕಾಗೂದಿಲ್ಲ.”

ಬಳಗದವರು ಒಬ್ಬರ ಮುಖವನ್ನೊಬ್ಬರು ನೋಡಿದರು. ಅನುಮತಕ್ಕೂ ಕರ್ತೃತ್ವಕ್ಕೂ ಇರುವ ಅಂತರವನ್ನು ಪಂಡಿತರು ಎಷ್ಟೋ ಪುಟಗಳಲ್ಲಿ ವಿವರಿಸಿದ್ದಾರೆ. ಅದನ್ನೇ ಖಣಿಯ ಕೆಲಸಗಾರರೊಬ್ಬರು ತಮ್ಮ ಅನುಭವದಿಂದ ನಾಲ್ಕು ಮಾತಿನಲ್ಲಿ ಹೇಳಿದ್ದರು. ಬೇವಿನ ಮರದ ಕೆಳಗೆ ಅಂದು ಕೇಳಿಕೊಳ್ಳುವ ತಾಳ್ಮೆಯಿದ್ದಿದ್ದರೆ ಮಾಸ್ತರರ ವಾದಕ್ಕೆ ಅಂದೇ ಇದಕ್ಕಿಂತ ಬಲವಾದ ಬೆಂಬಲ ದೊರೆಯುತ್ತಿತ್ತೇನೋ. ಅವರು ಕಲ್ಲು ಒಡೆಯುವ ಕೈಗೆ ಅಧಿಕಾರವೆಲ್ಲಿಯದು ಎಂದು ಕೇಳಿದ್ದರು. ಕೇಳಿದ ಪ್ರಶ್ನೆಗೆ ಉತ್ತರ ಬಂದಿತ್ತು.

ಕಥೆಗಳಲ್ಲಿ ಆಗುವಂತೆ ಇಲ್ಲಿ ಎಲ್ಲವೂ ಮೊದಲಿನಂತಾಗಲಿಲ್ಲ. ಚಿಂಚೋಳಿಯ ಕಡೆಯವರೂ ಇನ್ನಿಬ್ಬರೂ ಬಳಗಕ್ಕೆ ಮರಳಿ ಬರಲಿಲ್ಲ. ಕ್ಷಮೆ ಕೇಳುವುದು ಕೇಳಿದವನ ಕರ್ತವ್ಯ. ಕ್ಷಮಿಸುವುದು ನೊಂದವರ ಇಚ್ಛೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವುದಕ್ಕೆ ಅದು ಸಂತೆಯ ವ್ಯವಹಾರವಲ್ಲ. ಮಾಸ್ತರರು ಇದನ್ನು ಅರಿತಿದ್ದುದರಿಂದ ಬಾರದವರನ್ನು ಕುರಿತು ಆಕ್ಷೇಪಿಸಲಿಲ್ಲ. ಕಾಕಾ ಬಂದರು, ಆದರೆ ಮೊದಲಿನ ಸಲಿಗೆ ಬರುವುದಕ್ಕೆ ಇನ್ನೂ ಕೆಲವು ತಿಂಗಳು ಬೇಕಾಯಿತು. ಮೂರು ಸಲ ಕಾಗದ ಹರಿದಿದ್ದ ಆ ಕಲ್ಲಿನ ಬಳಿಗೆ ಬಳಗವು ಮತ್ತೆ ಹೋಯಿತು. ಕಾಕಾ ಒದ್ದೆ ಕಾಗದವನ್ನು ಹಾಸಿದರು, ಮಾಸ್ತರರು ಮಸಿಯ ಗಂಟನ್ನು ಒತ್ತಿದರು. ಆ ಪಡಿಯಚ್ಚಿನ ಕೆಳಗೆ, ಸ್ಥಳ ಮತ್ತು ದಿನಾಂಕ ಬರೆಯುವ ಎಡೆಯಲ್ಲಿ, ಮಾಸ್ತರರು ಕಾಗದ ಹಾಸಿದವರ ಹೆಸರನ್ನೂ ಬರೆದರು. ಅಂದಿನಿಂದ ಬಳಗದ ಪ್ರತಿಯೊಂದು ಪಡಿಯಚ್ಚಿನ ಮೇಲೂ ಹಾಗೆ ಬರೆಯುವ ವಾ​ಡಿಕೆ ಬಂದಿತು.

ಶಾಲೆಗಳಲ್ಲಿ ಮಕ್ಕಳಿಗೆ ಸರಿಯುತ್ತರ ಬರೆಯುವುದನ್ನು ಕಲಿಸುತ್ತೇವೆಂದು ಉಪಾಧ್ಯಾಯರು ಹೆಮ್ಮೆಪಡುವುದು ಯುಕ್ತವೇ. ಆದರೆ ಸರಿಯುತ್ತರ ತಿಳಿದವನು ಅದನ್ನು ಹೇಗೆ ಹೇಳಬೇಕು, ಹೇಳುವಾಗ ತಪ್ಪಿದರೆ ಯಾರ ಮುಂದೆ ನಿಂತು ಒಪ್ಪಿಕೊಳ್ಳಬೇಕು ಎಂಬುದು ಯಾವ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿಯೂ ಬರುವುದಿಲ್ಲ. ಮುಧೋಳದ ಆ ಉಪಾಧ್ಯಾಯರು ನಲವತ್ತು ವರ್ಷ ಕಲಿಸಿದ ಬಳಿಕ ಕಲಿತ ಪಾಠವಿದು. ಅವರ ಮನೆಯ ಗೋಡೆಯ ಮೇಲೆ ಇಂದಿಗೂ ಆ ಪಡಿಯಚ್ಚು ಇದೆ. ಹರಿದ ಮೂರು ಕಾಗದಗಳನ್ನೂ ಅವರು ಎಸೆದಿಲ್ಲ, ಕವಿರಾಜಮಾರ್ಗದ ಪ್ರತಿಯೊಳಗೆ ಮಡಚಿ ಇಟ್ಟಿದ್ದಾರೆ.